ಪುಟ್ಟಿಯ ಹೆಜ್ಜೆ ಲೆಕ್ಕ

ಕೋಲಾರದ ನಮ್ಮ ಮನೆಯಿಂದ ಸೋಮೇಶ್ವರ ದೇವಸ್ಥಾನಕ್ಕೆ ನಾನೊಬ್ಬನೇ ನಡೆದು ಹೋದರೆ ಆರು ನಿಮಿಷ. ದಾರಿಯಲ್ಲಿ ಬ್ಯಾಂಕಿನ ಹಳೆಯ ಗಿರಾಕಿ ಯಾರಾದರೂ ಸಿಕ್ಕಿ ಪೆನ್ಷನ್ ವಿಚಾರ ಎತ್ತಿದರೆ ಹದಿನೈದು ನಿಮಿಷ. ಹೋದ ಕಾರ್ತಿಕ ಮಾಸದ ಒಂದು ಸೋಮವಾರ ನನ್ನ ಮೊಮ್ಮಗಳ ಕೈ ಹಿಡಿದು ಅದೇ ದಾರಿ ನಡೆಯುವುದಕ್ಕೆ ಐವತ್ತು ನಿಮಿಷ ಬೇಕಾಯಿತು. ನಡುವೆ ಮೂರು ಕಡೆ ಕೂತೆವು. ಒಂದು ಕಡೆ ಹೂವಿನ ಅಂಗಡಿಯವಳು ತಾನು ಕೂತಿದ್ದ ಸ್ಟೂಲನ್ನೇ ಬಿಟ್ಟುಕೊಟ್ಟಳು.

ಮನೆಯಲ್ಲಿ ಅವಳನ್ನು ಪುಟ್ಟಿ ಎನ್ನುತ್ತೇವೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಸ್ಕೂಲಿನ ಹೆಸರು ಬರೆಯಬೇಡ ಎಂದು ಅವಳೇ ತಾಕೀತು ಮಾಡಿದ್ದಾಳೆ.

ಮಕ್ಕಳೇ, ಅವಳಿಗೆ ಏನಾಗಿತ್ತು ಎಂದು ಮೊದಲು ಹೇಳಿಬಿಡುತ್ತೇನೆ. ಹೋದ ವರ್ಷ ಆಷಾಢದಲ್ಲಿ ಅವಳಿಗೆ ನಾಲ್ಕು ದಿನ ಭೇದಿಯಾಯಿತು, ವಾಸಿಯೂ ಆಯಿತು. ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದವಳು ಕುಸಿದು ಕೂತಳು. ‘ತಾತ, ಕಾಲು ನನ್ನ ಮಾತು ಕೇಳ್ತಿಲ್ಲ’ ಎಂದಳು. ಸ್ಕೂಲಿಗೆ ಚಕ್ಕರ್ ಹೊಡೆಯುವ ಉಪಾಯ ಎಂದುಕೊಂಡು ನಾನು ನಕ್ಕೆ. ಆ ನಗುವನ್ನು ನೆನೆದರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ. ಸಂಜೆಯ ಹೊತ್ತಿಗೆ ಅವಳಿಗೆ ಲೋಟ ಹಿಡಿಯಲೂ ಆಗಲಿಲ್ಲ. ರಾತ್ರಿಯೇ ಬೆಂಗಳೂರಿನ ಆಸ್ಪತ್ರೆಗೆ ಹೊರಟೆವು.

ಕಾಯಿಲೆಯ ಹೆಸರು ಗಿಲಿಯನ್ ಬಾರೆ ಸಿಂಡ್ರೋಮ್. 1916ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ಡಾಕ್ಟರುಗಳ ಹೆಸರು ಅದು. ನಮ್ಮ ಮೈಯೊಳಗೆ ರೋಗಾಣುಗಳ ಜೊತೆ ಹೊಡೆದಾಡುವ ಒಂದು ಕಾವಲು ಪಡೆ ಇದೆಯಲ್ಲವೆ? ಕಳ್ಳನನ್ನು ಓಡಿಸಿದ ಕಾವಲುಗಾರ ಗುರುತು ತಪ್ಪಿ ಮನೆಯವರನ್ನೇ ಬಡಿಯಲು ಶುರು ಮಾಡಿದರೆ ಹೇಗೋ ಹಾಗೆ ಈ ಕಾಯಿಲೆ. ಆ ಪಡೆ ನಮ್ಮದೇ ನರಗಳ ಮೇಲೆ ಬೀಳುತ್ತದೆ. ಕರೆಂಟಿನ ವೈರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನರಕ್ಕೂ ಒಂದು ಹೊದಿಕೆ ಉಂಟು. ಅದು ಕಿತ್ತುಹೋದರೆ ಮಿದುಳು ಕಳಿಸಿದ ಸುದ್ದಿ ಕಾಲಿಗೆ ತಲುಪುವುದಿಲ್ಲ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆಯಲ್ಲ. ವರ್ಷಕ್ಕೆ ಒಂದು ಲಕ್ಷ ಜನರಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ಬಂದವರಲ್ಲಿ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ, ಆದರೆ ಅದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಇಮ್ಯುನೋಗ್ಲಾಬ್ಯುಲಿನ್ ಎಂಬ ಔಷಧವನ್ನು ಐದು ದಿನ ರಕ್ತನಾಳದ ಮೂಲಕ ಕೊಟ್ಟರು. ಅದು ಬಹಳ ದುಬಾರಿ. ‘ಅವಧಿಗೆ ಮುಂಚೆ ಎಫ್.ಡಿ. ಮುರಿಸಬೇಡಿ, ಬಡ್ಡಿ ಹೋಗುತ್ತೆ’ ಎಂದು ಸರ್ವೀಸಿನುದ್ದಕ್ಕೂ ಕೌಂಟರಿನಲ್ಲಿ ಕೂತು ಜನಕ್ಕೆ ಬುದ್ಧಿ ಹೇಳಿದವನು ನಾನು. ಈಗ ನಾನೇ ಹೋಗಿ ಎರಡು ಎಫ್.ಡಿ. ಮುರಿಸಿದೆ. ಕೌಂಟರಿನಲ್ಲಿದ್ದ ಹುಡುಗ ನನಗೆ ಅದೇ ಬುದ್ಧಿ ಹೇಳಿದ. ಒಳ್ಳೆಯ ಹುಡುಗ, ಕೆಲಸ ಚೆನ್ನಾಗಿ ಕಲಿತಿದ್ದಾನೆ.

ಐದು ವಾರದ ನಂತರ ಪುಟ್ಟಿ ಗಾಲಿಕುರ್ಚಿಯಲ್ಲಿ ಮನೆಗೆ ಬಂದಳು. ಕೈ ಬೇಗ ಸರಿಹೋಯಿತು. ಕಾಲು, ಅದರಲ್ಲೂ ಪಾದ, ಹಠ ಹಿಡಿಯಿತು. ಹಾನಿಯಾದ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಎಂದು ಡಾಕ್ಟರು ಹೇಳಿದ್ದರು. ನನ್ನದು ಬಡ್ಡಿ ಲೆಕ್ಕ ಹಾಕಿ ರೂಢಿಯಾದ ತಲೆ. ಮನೆಗೆ ಬಂದವನೇ ಟೇಪು ಹಿಡಿದು ಅವಳ ಮಂಡಿಯಿಂದ ಹೆಬ್ಬೆರಳಿನವರೆಗೆ ಅಳೆದೆ. ‘ರೀ, ಮಗೂನ ಬಟ್ಟೆ ಥರ ಅಳೀತಿದ್ದೀರಲ್ಲ’ ಎಂದು ಅವಳ ಅಜ್ಜಿ ಗದರಿದಳು. ನಾನು ಉತ್ತರ ಕೊಡಲಿಲ್ಲ. ಒಂದು ಹಳೆಯ ಡೈರಿಯಲ್ಲಿ ಗೆರೆ ಎಳೆದು ‘ಹೆಜ್ಜೆ ಲೆಕ್ಕ’ ಎಂದು ತಲೆಬರಹ ಬರೆದೆ. ತಾರೀಖು, ಸ್ಥಳ, ಹೆಜ್ಜೆ, ಷರಾ ಎಂದು ನಾಲ್ಕು ಕಾಲಂ.

ವಾರಕ್ಕೆ ಮೂರು ದಿನ ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯ ಹೆಣ್ಣುಮಗಳು ಕಾಲಿಗೆ ಅರ್ಧ ಕಿಲೋ ಮರಳಿನ ಚೀಲ ಕಟ್ಟಿ ಎತ್ತಿಸುತ್ತಿದ್ದಳು. ಕಾಲ್ಬೆರಳಿನಿಂದ ಗೋಲಿ ಹಿಡಿಸುತ್ತಿದ್ದಳು. ನನ್ನ ಡೈರಿ ನೋಡಿ ಅವಳು ಹೇಳಿದ ಮಾತು ಇದು: ‘ಸಾರ್, ಹತ್ತು ಹೆಜ್ಜೆ ಆಗುತ್ತೆ ಅನ್ನಿಸಿದ್ರೆ ಏಳಕ್ಕೆ ನಿಲ್ಲಿಸಿ. ನರ ದಣಿದ್ರೆ ಹಿಂದಕ್ಕೆ ಹೋಗುತ್ತೆ. ಖಾತೇಲಿ ಮಿನಿಮಮ್ ಬ್ಯಾಲೆನ್ಸ್ ಇರ್ಬೇಕಲ್ವಾ?’ ಈ ಮಾತನ್ನು ನಾನು ಡೈರಿಯ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡೆ. ಬರೆದುಕೊಂಡು ಮರೆತೆ. ಅದು ಮುಂದೆ ಬರುತ್ತದೆ.

ಮನೆಯೊಳಗೆ ಗೋಡೆ ನೋಡಿ ನೋಡಿ ಪುಟ್ಟಿ ಮಂಕಾಗುತ್ತಿದ್ದಳು. ನಡೆಸುವುದೇ ಆದರೆ ನೋಡುವಂಥದ್ದೇನಾದರೂ ಇರುವ ಕಡೆ ನಡೆಸೋಣ ಎಂದು ನನ್ನ ಮಗ ಹೇಳಿದ. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬರವಿಲ್ಲ. ಬರ ಇರುವುದು ನೀರಿಗೆ ಮಾತ್ರ.

ಸೋಮೇಶ್ವರ ದೇವಸ್ಥಾನದಲ್ಲಿ ವಿಜಯನಗರ ಕಾಲದ ಕಲ್ಯಾಣ ಮಂಟಪವಿದೆ. ಅದರ ಕಂಬಗಳಲ್ಲಿ ಕುದುರೆ, ಯಾಳಿ, ಬಳ್ಳಿ ಎಲ್ಲ ಇವೆ. ಪುಟ್ಟಿ ಒಂದೊಂದು ಕಂಬ ಹಿಡಿದು ನಿಂತು ಮುಂದಿನ ಕಂಬಕ್ಕೆ ಹೋಗುತ್ತಿದ್ದಳು. ಇಷ್ಟು ವರ್ಷ ಆ ಊರಿನಲ್ಲೇ ಇದ್ದೂ ಅಷ್ಟು ಹೊತ್ತು ಒಂದು ಕಂಬದ ಮುಂದೆ ನಾನು ನಿಂತಿದ್ದು ಅದೇ ಮೊದಲು.

ಮುಂದಿನ ವಾರ ಕೋಲಾರಮ್ಮನ ಗುಡಿ. ಗಂಗರು ಆಳಿದ ಊರು ನಮ್ಮದು. ತಲಕಾಡಿಗೆ ಹೋಗುವ ಮುಂಚೆ ಅವರ ರಾಜಧಾನಿ ಇಲ್ಲೇ ಇತ್ತು, ಆಗ ಊರಿನ ಹೆಸರು ಕುವಲಾಲ. ಆಮೇಲೆ ಚೋಳರು ಬಂದರು. ಅವರ ಶಾಸನಗಳು ಈ ಗುಡಿಯ ಗೋಡೆಯ ಮೇಲಿವೆ. ಇಲ್ಲಿ ಚೇಳಿನ ದೇವತೆ ಚೇಳಮ್ಮನೂ ಇದ್ದಾಳೆ. ಅವಳ ಮುಂದೆ ನೆಲದೊಳಗೆ ಒಂದು ಹುಂಡಿ. ನೂರಾರು ವರ್ಷಗಳಿಂದ ಜನ ಅದಕ್ಕೆ ಕಾಣಿಕೆ ಹಾಕುತ್ತಲೇ ಇದ್ದಾರೆ, ಅದನ್ನು ಯಾರೂ ತೆಗೆದಿಲ್ಲ ಎಂದು ಊರಿನವರು ಹೇಳುತ್ತಾರೆ. ಬರೀ ಜಮೆ, ಖರ್ಚೇ ಇಲ್ಲ! ನಾನು ಬೆರಗಾಗಿ ನೋಡುತ್ತಿದ್ದೆ. ಪುಟ್ಟಿ ಒಂದು ರೂಪಾಯಿ ಹಾಕಿ, ‘ತಾತ, ಇದಕ್ಕೆ ಪಾಸ್‌ಬುಕ್ ಕೊಡ್ತಾರಾ?’ ಎಂದು ಕೇಳಿದಳು. ಅರ್ಚಕರು ಮಂಗಳಾರತಿ ತಟ್ಟೆ ಹಿಡಿದುಕೊಂಡೇ ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ತಮಾಷೆ ಮಾಡಿದ್ದು ಅವತ್ತೇ ಮೊದಲು. ಷರಾ ಕಾಲಮಿನಲ್ಲಿ ಅದನ್ನೂ ಬರೆದೆ.

ಡಿಸೆಂಬರಿನಲ್ಲಿ ಮಾಲೂರಿಗೆ ಹೋದದ್ದು ಕಾರಿನಲ್ಲೇ ಹೆಚ್ಚು. ಟೇಕಲ್ ಕಡೆಯಿಂದ ಹೋದರೆ ಕಲ್ಲುಬಂಡೆಗಳ ಗುಡ್ಡ, ಕಲ್ಲು ಕುಟ್ಟುವವರ ಸದ್ದು. ಮಾಲೂರು ಹತ್ತಿರವಾದಂತೆ ಇಟ್ಟಿಗೆ, ಹೆಂಚಿನ ಕಾರ್ಖಾನೆಗಳ ಚಿಮಣಿಗಳು. ದಾರಿಯಲ್ಲಿ ಕೆರೆಗಳಲ್ಲಿ ನೀರಿತ್ತು. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಮಾಡಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಈ ವಿಷಯದಲ್ಲಿ ನನಗೂ ನನ್ನ ಮಗನಿಗೂ ವಾದ ಇದ್ದೇ ಇದೆ. ಇನ್ನೂ ಚೆನ್ನಾಗಿ ಶುದ್ಧಮಾಡಿ ಬಿಡಬೇಕು ಎಂದು ಅವನು, ಒಣಗಿದ ಕೆರೆಯಲ್ಲಿ ಕ್ರಿಕೆಟ್ ಆಡಿದ್ದನ್ನು ಮರೆತೆಯಾ ಎಂದು ನಾನು. ಇಬ್ಬರದೂ ಸರಿ ಇರಬಹುದು.

ಮಾಲೂರು ತಾಲ್ಲೂಕಿನ ಮಾಸ್ತಿಗೂ ಹೋದೆವು. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರ ಊರು. ಮಕ್ಕಳೇ, ಅವರು ಹುಟ್ಟಿದ್ದು 1891ರ ಜೂನ್ 6ರಂದು, ತೀರಿಕೊಂಡದ್ದು 1986ರ ಜೂನ್ 6ರಂದು. ಸರಿಯಾಗಿ 95 ವರ್ಷ, ಒಂದು ದಿನವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಲೆಕ್ಕ ಹೀಗೆ ತಾಳೆಯಾದರೆ ನಮ್ಮಂಥ ಗುಮಾಸ್ತರಿಗೆ ಖುಷಿ. ದೊಡ್ಡ ಸರ್ಕಾರಿ ಹುದ್ದೆಯಲ್ಲಿದ್ದ ಅವರು, ತಮಗಿಂತ ಕಿರಿಯರಿಗೆ ಬಡ್ತಿ ಕೊಟ್ಟರೆಂದು 1943ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ‘ಚಿಕವೀರ ರಾಜೇಂದ್ರ’ ಕಾದಂಬರಿಗೆ 1983ರ ಜ್ಞಾನಪೀಠ ಬಂತು. ‘ಶ್ರೀನಿವಾಸ’ ಅವರ ಕಾವ್ಯನಾಮ ಎಂದು ಹೇಳಿದ್ದೇ ತಡ, ಪುಟ್ಟಿ, ‘ಹಾಗಾದ್ರೆ ಶ್ರೀನಿವಾಸಪುರ ಅವರದೇ ಊರಾ?’ ಎಂದಳು. ಅಲ್ಲಮ್ಮ, ಅದು ಬೇರೆ ಕಥೆ, ಮಾವಿನ ಕಾಲಕ್ಕೆ ಹೇಳ್ತೀನಿ ಎಂದೆ. ಆ ದಿನ ನೂರ ಹತ್ತು ಹೆಜ್ಜೆ.

ಸಂಕ್ರಾಂತಿ ಕಳೆದ ಮೇಲೆ ಅವಳು ಅರ್ಧ ದಿನ ಸ್ಕೂಲಿಗೆ ಹೋಗತೊಡಗಿದಳು. ಎರಡೂ ಪಾದಗಳಿಗೆ ಪ್ಲಾಸ್ಟಿಕ್ಕಿನ ಪಟ್ಟಿ ಕೊಟ್ಟಿದ್ದರು. ಪಾದ ಜೋತುಬೀಳದ ಹಾಗೆ ಅದು ಹಿಡಿದುಕೊಳ್ಳುತ್ತದೆ. ಅದರ ಮೇಲೆ ಹಾಕುವ ಶೂ ಎರಡು ಸೈಜು ದೊಡ್ಡದು. ಮೊದಲ ದಿನವೇ ಒಬ್ಬ ಹುಡುಗ ‘ರೋಬೋ ಬಂತು’ ಎಂದನಂತೆ. ಮನೆಗೆ ಬಂದು ಊಟ ಮಾಡಲಿಲ್ಲ. ಮರುದಿನ ಅವಳಮ್ಮ ಬಣ್ಣದ ಪೆನ್ನು ತಂದುಕೊಟ್ಟಳು. ಪುಟ್ಟಿ ಪಟ್ಟಿಗಳ ತುಂಬಾ ಸೂರ್ಯಕಾಂತಿ ಬರೆದಳು. ವಾರದೊಳಗೆ ಆ ಹುಡುಗನೇ ಬಂದು, ನಾನೊಂದು ಚಿಟ್ಟೆ ಬರೀಲಾ ಎಂದು ಕೇಳಿದನಂತೆ. ಬರೆದೂ ಬಿಟ್ಟಿದ್ದಾನೆ. ಚಿಟ್ಟೆಯೋ ವಿಮಾನವೋ ನನಗೆ ಗೊತ್ತಾಗಲಿಲ್ಲ.

ಇನ್ನು ನನ್ನ ತಪ್ಪಿನ ಕಥೆ.

ಮಾರ್ಚಿನಲ್ಲಿ, ಶಿವರಾತ್ರಿ ಜಾತ್ರೆ ಮುಗಿದ ಮೇಲೆ, ಆವಣಿಗೆ ಹೋದೆವು. ಆವಣಿ ಮುಳಬಾಗಿಲು ತಾಲ್ಲೂಕಿನ ಊರು. ಜಾತ್ರೆಯಲ್ಲಿ ದನಗಳ ಪರಿಷೆ ಜೋರು. ನಾವು ಹೋದಾಗ ಬಯಲಲ್ಲಿ ಹುಲ್ಲು, ಗೂಟದ ಗುಂಡಿಗಳು ಮಾತ್ರ ಉಳಿದಿದ್ದವು. ವಾಲ್ಮೀಕಿಯ ಆಶ್ರಮ ಇಲ್ಲಿತ್ತು, ಲವಕುಶರು ಹುಟ್ಟಿದ್ದು ಇಲ್ಲೇ ಎಂದು ಜನ ನಂಬುತ್ತಾರೆ. ಕೆಳಗೆ ರಾಮಲಿಂಗೇಶ್ವರನ ಗುಡಿಗಳ ಗುಂಪು, ನೊಳಂಬರ ಕಾಲದ್ದು, ಸಾವಿರ ವರ್ಷಕ್ಕೂ ಹಳೆಯದು. ರಾಮನ ಹೆಸರಿನಲ್ಲಿ ಒಂದು, ಲಕ್ಷ್ಮಣನ ಹೆಸರಿನಲ್ಲಿ ಒಂದು, ಭರತ, ಶತ್ರುಘ್ನರಿಗೂ ಒಂದೊಂದು ಲಿಂಗ. ಅಣ್ಣತಮ್ಮಂದಿರು ಒಂದೇ ಅಂಗಳದಲ್ಲಿ ಬೇರೆಬೇರೆ ಮನೆ ಮಾಡಿಕೊಂಡ ಹಾಗಿದೆ.

ಮೇಲೆ ಬೆಟ್ಟದಲ್ಲಿ ಸೀತೆಯ ಗುಡಿ. ಹತ್ತುವ ಯೋಚನೆ ನಮಗಿರಲಿಲ್ಲ. ಆದರೆ ಅವತ್ತು ಪುಟ್ಟಿ ಹುರುಪಿನಲ್ಲಿದ್ದಳು. ಬುಡದ ಮೆಟ್ಟಿಲು ನೋಡಿ, ‘ಸ್ವಲ್ಪ ಹತ್ತೋಣ ತಾತ’ ಎಂದಳು. ಸೊಸೆ ಬೇಡ ಎಂದಳು. ನಾನು ಡೈರಿ ತೆಗೆದು ನೋಡಿದೆ. ಹಿಂದಿನ ವಾರದ ದಾಖಲೆ ಮುನ್ನೂರ ನಲವತ್ತು. ನಾನೂರು ಮುಟ್ಟಿಸಿಬಿಡೋಣ ಎಂಬ ಆಸೆ ಹುಟ್ಟಿತು. ತಿಂಗಳ ಕೊನೆಯಲ್ಲಿ ಡಿಪಾಸಿಟ್ ಗುರಿ ಮುಟ್ಟಿಸುವ ಮ್ಯಾನೇಜರನಂತೆ ‘ಇನ್ನೊಂದು ಹತ್ತು, ಇನ್ನೊಂದು ಹತ್ತು’ ಎನ್ನುತ್ತಾ ಹತ್ತಿಸಿದೆ. ಎದುರಿಗೆ ಇಳಿದು ಬರುತ್ತಿದ್ದ ಮುದುಕಿಯೊಬ್ಬಳು ‘ಮೆಲ್ಲಗಾ ಪಾಪಾ, ಮೆಲ್ಲಗಾ’ ಎಂದು ತೆಲುಗಿನಲ್ಲಿ ಹೇಳಿದಳು. ನಮ್ಮ ಕಡೆ ಅರ್ಧ ಕನ್ನಡ, ಅರ್ಧ ತೆಲುಗು. ಅವಳು ಹೇಳಿದ್ದು ಮಗುವಿಗಲ್ಲ, ನನಗೆ ಎಂದು ಆಮೇಲೆ ಹೊಳೆಯಿತು. ನಾನೂರ ಹನ್ನೆರಡನೇ ಹೆಜ್ಜೆಗೆ ಪುಟ್ಟಿಯ ಮಂಡಿ ನಡುಗಿ ಅವಳು ಪಕ್ಕಕ್ಕೆ ವಾಲಿದಳು. ಮಗ ಹಿಡಿದುಕೊಂಡ, ಗಾಯವಾಗಲಿಲ್ಲ. ಅವಳನ್ನು ಹೊತ್ತುಕೊಂಡೇ ಇಳಿದ.

ಮೂರು ದಿನ ಅವಳು ನಿಲ್ಲಲಿಲ್ಲ. ಕಾಯಿಲೆ ಮತ್ತೆ ಬಂತೇನೋ ಎಂದು ನನ್ನ ಎದೆ ಒಡೆದುಹೋಯಿತು. ಡಾಕ್ಟರು ಪರೀಕ್ಷೆ ಮಾಡಿ, ಇದು ಬರೀ ದಣಿವು, ವಿಶ್ರಾಂತಿ ಕೊಡಿ ಎಂದರು. ಸೊಸೆ ಒಂದು ಮಾತೂ ಆಡಲಿಲ್ಲ. ಕಾಫಿ ಲೋಟವನ್ನು ನನ್ನ ಮುಂದೆ ಇಟ್ಟು ಒಳಗೆ ಹೋಗುತ್ತಿದ್ದಳು. ಬೈದಿದ್ದರೆ ಹಗುರಾಗುತ್ತಿತ್ತು. ನಾಲ್ಕನೇ ದಿನ ನಾನೇ ಅಡುಗೆಮನೆ ಬಾಗಿಲಲ್ಲಿ ನಿಂತು, ‘ತಪ್ಪಾಯ್ತಮ್ಮ’ ಎಂದೆ. ಅವಳು ಒಲೆ ಕಡೆ ತಿರುಗಿಕೊಂಡೇ, ‘ನಿಮ್ಮ ಪುಸ್ತಕ ಅವಳ ಕೈಗೆ ಕೊಡಿ ಮಾವ. ಲೆಕ್ಕ ಅವಳೇ ಬರೀಲಿ’ ಎಂದಳು. ಕೊಟ್ಟೆ. ಪುಟ್ಟಿ ಮಾಡಿದ ಮೊದಲ ಕೆಲಸವೆಂದರೆ ನನ್ನ ನಾಲ್ಕು ಕಾಲಮಿನ ಪಕ್ಕದಲ್ಲಿ ಐದನೆಯದೊಂದು ಎಳೆದದ್ದು. ಅದರ ಹೆಸರು ‘ಕೂತದ್ದು’.

ಏಪ್ರಿಲ್ಲಿನಲ್ಲಿ ಶಾಲೆಯ ಪ್ರಶ್ನೆ ಬಂತು. ಹಾಜರಾತಿ ತೀರಾ ಕಡಿಮೆ. ನಾಲ್ಕನೇ ತರಗತಿಯಲ್ಲೇ ಇನ್ನೊಂದು ವರ್ಷ ಕೂರಿಸುವುದೋ, ಐದಕ್ಕೆ ಕಳಿಸುವುದೋ? ಶಾಲೆಯವರು ತೇರ್ಗಡೆ ಮಾಡಲು ಒಪ್ಪಿದ್ದರು. ಆದರೆ ಐದನೇ ತರಗತಿ ಇರುವುದು ಎರಡನೇ ಮಹಡಿಯಲ್ಲಿ. ಮಗನಿಗೆ ನಾಲ್ಕೇ ಇರಲಿ ಎಂದು, ಸೊಸೆಗೆ ಗೆಳತಿಯರ ಜೊತೆ ಹೋಗಲಿ ಎಂದು. ಪುಟ್ಟಿ ಬಾಯಿ ಬಿಡಲಿಲ್ಲ.

ಆ ಚಿಂತೆಯಲ್ಲೇ ಮುಳಬಾಗಿಲಿಗೆ ಹೋದೆವು. ಮೂಡಲ ಬಾಗಿಲು ಎಂಬುದೇ ಮುಳಬಾಗಿಲಾಯಿತು ಎನ್ನುತ್ತಾರೆ, ಮೈಸೂರು ಸೀಮೆಯ ಪೂರ್ವದ ಬಾಗಿಲು. ಮೊದಲು ದೋಸೆ. ಮುಳಬಾಗಿಲು ದೋಸೆ ಗಾತ್ರದಲ್ಲಿ ಚಿಕ್ಕದು, ದಪ್ಪ, ಮೇಲೆ ಮೃದು, ಕೆಳಗೆ ಗರಿಗರಿ, ತುಪ್ಪಕ್ಕೆ ಕೈ ಹಿಡಿಯುವುದಿಲ್ಲ. ನನಗೆ ಕೊಲೆಸ್ಟರಾಲ್ ಇದೆ. ಎಷ್ಟು ತಿಂದೆ ಎಂದು ಇಲ್ಲಿ ಬರೆದರೆ ನನ್ನಾಕೆ ಓದುತ್ತಾಳೆ. ಅಲ್ಲಿಂದ ಕುರುಡುಮಲೆ ಗಣಪತಿ. ಒಂದೇ ಕಲ್ಲಿನಲ್ಲಿ ಕಡೆದ ವಿಗ್ರಹ, ಹದಿಮೂರು ಅಡಿಗೂ ಎತ್ತರ. ಹೊಸ ಕೆಲಸ ಶುರು ಮಾಡುವವರು ಇಲ್ಲಿಗೆ ಬಂದು ಕೈಮುಗಿದು ಹೋಗುತ್ತಾರೆ, ಚುನಾವಣೆಗೆ ನಿಲ್ಲುವವರು ಸಹ. ಪುಟ್ಟಿ ತಲೆ ಎತ್ತಿ ನೋಡಿ, ‘ಇವನೂ ಕೂತೇ ಇದ್ದಾನೆ’ ಎಂದಳು.

ಮುಳಬಾಗಿಲು ಡಿ.ವಿ.ಜಿ. ಅವರು 1887ರಲ್ಲಿ ಹುಟ್ಟಿದ ಊರು. ಹಿಂದಿರುಗುವಾಗ ಅವರ ವಿಚಾರ ಹೇಳಿದೆ. ಅವರ ಶಾಲೆಯ ಓದು ಮೆಟ್ರಿಕ್ಯುಲೇಷನ್ ಹಂತದಲ್ಲೇ ನಿಂತಿತು. ಆಮೇಲೆ ತಾವೇ ಓದಿಕೊಂಡರು, ಪತ್ರಿಕೆ ನಡೆಸಿದರು, ‘ಮಂಕುತಿಮ್ಮನ ಕಗ್ಗ’ ಬರೆದರು. ಪುಟ್ಟಿ ಸ್ವಲ್ಪ ಹೊತ್ತು ಕಿಟಕಿಯಾಚೆ ಟೊಮೆಟೊ ಕ್ರೇಟು ತುಂಬಿದ ಲಾರಿಗಳನ್ನು ನೋಡುತ್ತಿದ್ದಳು. ಆಮೇಲೆ, ‘ಓದೋದು ಮನೇಲೂ ಆಗುತ್ತೆ ತಾತ. ಲಂಗಡಿ ಆಡೋದು ನೋಡೋಕೆ ಸ್ಕೂಲೇ ಬೇಕು. ಅವರ ಜೊತೇಲೇ ಹೋಗ್ತೀನಿ’ ಎಂದಳು. ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಮಗ ಸುಮ್ಮನೆ ತಲೆಯಾಡಿಸಿದ.

ಮೇ ತಿಂಗಳಲ್ಲಿ ನಾನೂ ಮಗನೂ ಹೋಗಿ ಮುಖ್ಯೋಪಾಧ್ಯಾಯಿನಿಯವರನ್ನು ಕಂಡೆವು. ಅವರು ಹೆಚ್ಚು ಯೋಚಿಸಲಿಲ್ಲ. ಐದನೇ ತರಗತಿಯನ್ನು ನೆಲಮಹಡಿಗೆ ಇಳಿಸಿ, ಶಿಕ್ಷಕರ ಕೊಠಡಿಯನ್ನು ಎರಡನೇ ಮಹಡಿಗೆ ಏರಿಸಿದರು. ಶಿಕ್ಷಕರಲ್ಲಿ ಇಬ್ಬರು ಮಂಡಿನೋವಿನವರು, ಅವರಿಗೆ ನಾನು ಇವತ್ತಿಗೂ ದಾರಿಯಲ್ಲಿ ಸಿಕ್ಕರೆ ಮುಖ ತಪ್ಪಿಸುತ್ತೇನೆ.

ಜೂನಿನಲ್ಲಿ ಶ್ರೀನಿವಾಸಪುರ. ಈ ಸಲ ರೈಲಿನಲ್ಲೇ ಹೋಗೋಣ ಎಂದು ಹಠ ಹಿಡಿದವನು ನಾನು. ಬಂಗಾರಪೇಟೆಗೆ ಬೌರಿಂಗ್‌ಪೇಟೆ ಎಂದು ಹೆಸರಿದ್ದ ಕಾಲದಲ್ಲಿ, 1913ರಲ್ಲಿ, ಅಲ್ಲಿಂದ ಕೋಲಾರಕ್ಕೆ ಸಣ್ಣ ರೈಲು ಬಂತು. ಹಳಿಗಳ ನಡುವೆ ಎರಡೂವರೆ ಅಡಿ ಅಷ್ಟೇ. ಆಮೇಲೆ ಅದು ಶ್ರೀನಿವಾಸಪುರ, ಚಿಂತಾಮಣಿ ಮೇಲಾಗಿ ಚಿಕ್ಕಬಳ್ಳಾಪುರದವರೆಗೂ ಹೋಯಿತು. ಹುಡುಗನಾಗಿದ್ದಾಗ ಅದರಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ಏರು ಬಂದಾಗ ಅದೂ ಪುಟ್ಟಿಯಂತೆಯೇ ಏದುಸಿರು ಬಿಡುತ್ತಿತ್ತು. 2013ರಲ್ಲಿ ಅಲ್ಲಿಯವರೆಗೂ ಬ್ರಾಡ್‌ಗೇಜ್ ರೈಲು ಓಡಿತು. ಬೋಗಿಯ ಮೆಟ್ಟಿಲು ಎತ್ತರ. ಪುಟ್ಟಿ ಕಂಬಿ ಹಿಡಿದು ತಾನೇ ಹತ್ತಿದಳು. ಹಿಂದೆ ನಿಂತಿದ್ದ ನಾವು ಮೂವರೂ ಕೈ ಚಾಚಿಕೊಂಡೇ ಇದ್ದೆವು, ಯಾರೂ ಮುಟ್ಟಲಿಲ್ಲ.

ಶ್ರೀನಿವಾಸಪುರದ ಹಳೆಯ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿಟ್ಟು ಅದನ್ನು ಶ್ರೀನಿವಾಸಪುರ ಮಾಡಿದರು. ಬಾಕಿ ಉಳಿಸಿಕೊಂಡಿದ್ದ ಈ ಕಥೆಯನ್ನು ರೈಲಿನಲ್ಲಿ ಹೇಳಿ ತೀರಿಸಿದೆ. ‘ನನ್ನ ಹೆಸರಲ್ಲಿ ಊರು ಬೇಡ, ಒಂದು ಮರ ಸಾಕು’ ಎಂದಳು.

ಜೂನಿನಲ್ಲಿ ಆ ಊರಿನ ಗಾಳಿಯೇ ಮಾವಿನ ವಾಸನೆ. ಮಾರುಕಟ್ಟೆಯ ತುಂಬ ಬಾದಾಮಿ, ರಸಪುರಿ, ಮಲ್ಲಿಕಾ, ಬೇನಿಷಾ, ನೀಲಂ. ತೋತಾಪುರಿ ಮಾತ್ರ ರಾಶಿ ರಾಶಿ. ಅದರಲ್ಲಿ ಹೆಚ್ಚಿನದು ಗಡಿಯಾಚೆ ಚಿತ್ತೂರಿನ ಕಡೆಯ ಕಾರ್ಖಾನೆಗಳಿಗೆ ತಿರುಳು ತೆಗೆಯಲು ಹೋಗುತ್ತದೆ. ಬೆಲೆ ಬಿದ್ದ ವರ್ಷ ರೈತರು ಅದನ್ನು ರಸ್ತೆಗೆ ಸುರಿಯುವುದೂ ಉಂಟು. ಬ್ಯಾಂಕಿನಲ್ಲಿದ್ದಾಗ ಮಾವಿನ ಸಾಲದ ಕಡತಗಳು ನನ್ನ ಮೇಜಿನ ಮೇಲೂ ಇದ್ದವು. ‘ಈ ವರ್ಷ ಹೂ ಚೆನ್ನಾಗಿದೆ ಸಾರ್’ ಎಂದು ಜನವರಿಯಲ್ಲಿ ನಗುತ್ತಾ ಬಂದವರು ಜುಲೈನಲ್ಲಿ ತಲೆ ತಗ್ಗಿಸಿ ಬಂದದ್ದನ್ನು ನೋಡಿದ್ದೇನೆ.

ಪರಿಚಯದ ರೈತರೊಬ್ಬರ ತೋಟಕ್ಕೆ ಹೋದೆವು. ಹಣ್ಣು ತುಂಬಿದ ಮರಗಳ ನಡುವೆ ಒಂದು ದೊಡ್ಡ ಬಾದಾಮಿ ಮರದಲ್ಲಿ ಬರೀ ಎಲೆ. ‘ಇದಕ್ಕೇನು ಜ್ವರ ಬಂದಿದೆಯಾ?’ ಎಂದು ಪುಟ್ಟಿ ಕೇಳಿದಳು. ರೈತರು ನಕ್ಕು, ‘ಇಲ್ಲಮ್ಮ, ಹೋದ ವರ್ಷ ಬಿಟ್ಟಿತ್ತು, ಈ ವರ್ಷ ಸುಮ್ಮನಿದೆ. ಬಾದಾಮಿ ಹಂಗೇ, ಒಂದು ವರ್ಷ ಬಿಟ್ಟು ಒಂದು ವರ್ಷ’ ಎಂದರು. ಪುಟ್ಟಿ ಆ ಮರದ ಕೆಳಗೆ ಹೋಗಿ ಕೂತಳು. ಎರಡು ಹಣ್ಣು ತಿಂದಳು, ಓಟೆಯನ್ನು ಅಲ್ಲೇ ಕೈಯಿಂದ ಮಣ್ಣು ತೋಡಿ ಹೂತಳು. ತೋಟದಲ್ಲಿ ಒಂದು ಸಾವಿರದ ಐವತ್ತು ಹೆಜ್ಜೆ, ಕೂತದ್ದು ಆರು ಸಲ. ಇದು ಅವಳ ಅಕ್ಷರದಲ್ಲೇ ಇದೆ.

ಈಗ ಬಲಗಾಲಿನ ಪಟ್ಟಿ ಬಿಟ್ಟಿದ್ದಾಳೆ. ಎಡಗಾಲಿನದು ಇನ್ನೂ ಇದೆ, ಯಾವಾಗ ಬಿಡಬಹುದು ಎಂದು ಡಾಕ್ಟರು ಹೇಳಿಲ್ಲ, ನಾವೂ ಕೇಳುವುದನ್ನು ಬಿಟ್ಟಿದ್ದೇವೆ. ಓಡಲು ಆಗುವುದಿಲ್ಲ. ಐದನೇ ತರಗತಿಯ ಬೆಲ್ ಹೊಡೆದರೆ ಎಲ್ಲರೂ ಹೋದ ಮೇಲೆ ಅವಳು ಹೊರಡುತ್ತಾಳೆ, ಚಿಟ್ಟೆ ಬರೆದ ಹುಡುಗ ಬ್ಯಾಗು ಹಿಡಿದುಕೊಂಡು ಬಾಗಿಲಲ್ಲಿ ಕಾಯುತ್ತಾನೆ.

ಹೋದ ಭಾನುವಾರ ಅಂತರಗಂಗೆಗೆ ಹೋಗಿದ್ದೆವು. ಊರಿನ ಪಕ್ಕದ ಶತಶೃಂಗ ಬೆಟ್ಟದಲ್ಲಿ, ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ನೀರು ಬೀಳುತ್ತದೆ. ನಮ್ಮ ಬರದ ಜಿಲ್ಲೆಯಲ್ಲಿ ಅದೊಂದು ನಿಲ್ಲದ ನೀರು. ಅಲ್ಲಿಗೆ ಕಲ್ಲಿನ ಮೆಟ್ಟಿಲುಗಳಿವೆ, ಮೆಟ್ಟಿಲುದ್ದಕ್ಕೂ ಕೋತಿಗಳಿವೆ. ಅರವತ್ತನಾಲ್ಕನೇ ಮೆಟ್ಟಿಲಿಗೆ ಪುಟ್ಟಿ ನಿಂತು, ‘ಇವತ್ತಿಗೆ ಸಾಕು’ ಎಂದು ಕೂತಳು. ನಾನು ಇನ್ನೊಂದು ಹತ್ತು ಎನ್ನಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಮಂಡಿಯೂ ಅಲ್ಲಿಗೆ ಮುಗಿದಿತ್ತು. ಮಗ ಬಾಟಲಿ ತೆಗೆದುಕೊಂಡು ಬಸವನ ನೀರು ತರಲು ಮೇಲೆ ಹೋದ. ನಾವು ಕಡಲೆಕಾಯಿ ಬಿಡಿಸುತ್ತಾ ಕೂತೆವು. ಅರ್ಧ ನಮಗೆ, ಇನ್ನರ್ಧವನ್ನು ಪೊಟ್ಟಣದ ಸಮೇತ ಒಂದು ಕೋತಿ ಎಗರಿಸಿಕೊಂಡು ಹೋಯಿತು.

ಪುಟ್ಟಿ ಡೈರಿ ತೆಗೆದಳು. ತಾರೀಖು ಹಾಕಿದಳು, ಅಂತರಗಂಗೆ ಎಂದು ಬರೆದಳು, 64 ಎಂದು ಬರೆದಳು. ಆಮೇಲೆ ನನ್ನ ಕಡೆ ನೋಡಿ, ‘ತಾತ, ನಿಂದೆಷ್ಟು?’ ಎಂದು ಕೇಳಿದಳು.

‘ನಂದೂ ಅಷ್ಟೇ.’

ಅವಳು ಪುಟ ತಿರುಗಿಸಿ, ಹೊಸದಾಗಿ ಗೆರೆ ಎಳೆದು, ಮೇಲೆ ‘ತಾತನ ಲೆಕ್ಕ’ ಎಂದು ಬರೆದು, ಕೂತದ್ದು ಎಂಬ ಕಾಲಮಿನಲ್ಲಿ ಒಂದು ಗೀಟು ಹಾಕಿದಳು.